ಕಪಾಟಿನಿಂದ ಕಟ್ಟಡದವರೆಗೆ: ಕಾಲೇಜು ಮತ್ತು ಊರ ಗ್ರಂಥಾಲಯಗಳ ವಿನ್ಯಾಸಕ್ಕೆ ಸಮಗ್ರ ಮಾರ್ಗದರ್ಶಿ

ಗ್ರಂಥಾಲಯ ಕಟ್ಟಡದ ಮಾತು ನಮ್ಮಲ್ಲಿ ಸಾಮಾನ್ಯವಾಗಿ ಮುಂಭಾಗದ ಚಿತ್ರದಿಂದಲೇ ಶುರುವಾಗುತ್ತದೆ. ಗಾಜಿನ ಮುಖ, ಎರಡಂತಸ್ತಿನ ಪಡಸಾಲೆ, ದಾನಿಗಳ ಹೆಸರು ಕೆತ್ತಿದ ಕಲ್ಲು ಎಲ್ಲವೂ ಆಡಳಿತ ಮಂಡಳಿಯ ಸಭೆಯಲ್ಲಿ ನಿಶ್ಚಯವಾದ ಮೇಲೆ ಗ್ರಂಥಪಾಲಕರನ್ನು ಕರೆಸಿ, ಇದರೊಳಗೆ ನಿಮ್ಮ ಪುಸ್ತಕಗಳನ್ನು ಹೊಂದಿಸಿಕೊಳ್ಳಿ ಎಂದು ಹೇಳಲಾಗುತ್ತದೆ. ಈ ಮಾರ್ಗದರ್ಶಿ ಆ ಕ್ರಮವನ್ನು ತಿರುಗಿಸಲು ಬರೆದದ್ದು. ಕಪಾಟಿನ ಅಳತೆಯಿಂದ ಕಂಬಗಳ ಅಂತರ, ಕಂಬಗಳ ಅಂತರದಿಂದ ಕಿಟಕಿಗಳ ಜಾಗ, ಕಿಟಕಿಗಳಿಂದ ಕಟ್ಟಡದ ಅಗಲ ಹೀಗೆ ಒಂದರಿಂದ ಒಂದು ಹುಟ್ಟಬೇಕು. ಮುಖಚರ್ಯೆ ಕೊನೆಯಲ್ಲಿ ತಾನಾಗಿ ಬರುತ್ತದೆ. ತಾಲ್ಲೂಕು ಕೇಂದ್ರದ ಒಂದು ಪ್ರಥಮ ದರ್ಜೆ ಕಾಲೇಜು ಮತ್ತು ಒಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ (ಪಂಚಾಯಿತಿ ಗ್ರಂಥಾಲಯದ ಈಗಿನ ಹೆಸರು), ಈ ಎರಡನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಹಂತಗಳನ್ನು ವಿವರಿಸಿದೆ.

ಮೊದಲ ಹಂತ: ಬಳಸುವವರ ದಿನಚರಿ ಬರೆಯುವುದು

ನಕ್ಷೆಗೆ ಕೈಹಾಕುವ ಮೊದಲು ಗ್ರಂಥಪಾಲಕರು ಮತ್ತು ವಾಸ್ತುಶಿಲ್ಪಿ ಕೂತು ಬೆಳಿಗ್ಗೆಯಿಂದ ರಾತ್ರಿಯವರೆಗೆ ಯಾರು ಬರುತ್ತಾರೆ, ಎಷ್ಟು ಹೊತ್ತು ಇರುತ್ತಾರೆ ಎಂಬುದನ್ನು ಬರೆದಿಡಬೇಕು. ಊರ ಗ್ರಂಥಾಲಯದಲ್ಲಿ ಬೆಳಗಿನ ಜಾವದ ಓದುಗರು ಬಹುತೇಕ ಪತ್ರಿಕೆ ಓದುವ ಹಿರಿಯರು. ಅವರಿಗೆ ಬಾಗಿಲ ಬಳಿಯೇ ಜಾಗ ಬೇಕು, ಒಳಗಿನವರೆಗೆ ಬರಬೇಕಾಗಿಲ್ಲ. ಶಾಲೆ ಬಿಟ್ಟ ಮೇಲೆ ಬರುವ ಮಕ್ಕಳು ಗಲಾಟೆ ಮಾಡುತ್ತಾರೆ, ಮಾಡಲೂಬೇಕು. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧರಾಗುವವರದ್ದು ಬೇರೆಯೇ ಲೋಕ: ತಮ್ಮದೇ ಪುಸ್ತಕ, ತಮ್ಮದೇ ಊಟದ ಡಬ್ಬಿ ತಂದು, ಬೆಳಿಗ್ಗೆ ಕೂತವರು ರಾತ್ರಿ ಏಳುತ್ತಾರೆ. ಅವರಿಗೆ ಗ್ರಂಥಾಲಯದ ಸಂಗ್ರಹಕ್ಕಿಂತ ಕುರ್ಚಿ, ಫ್ಯಾನು, ಫೋನ್ ಚಾರ್ಜ್ ಮಾಡುವ ಪ್ಲಗ್ಗು ಮತ್ತು ಶೌಚಾಲಯ ಮುಖ್ಯ. ಇವರನ್ನೆಲ್ಲ ಒಂದೇ ಸಭಾಂಗಣಕ್ಕೆ ತುಂಬಿದರೆ ಯಾರಿಗೂ ಸುಖವಿಲ್ಲ. ಕಾಲೇಜಿನ ಮಟ್ಟಿಗೆ ಇದಕ್ಕೆ ಸರಳ ಪರಿಹಾರವಿದೆ: ಪುಸ್ತಕ ಭಂಡಾರಕ್ಕೆ ಬೀಗ ಹಾಕಿದ ಮೇಲೂ ತೆರೆದಿರಬಲ್ಲ, ಪ್ರತ್ಯೇಕ ಬಾಗಿಲುಳ್ಳ ಒಂದು ಓದುವ ಕೋಣೆಯನ್ನು ಮೊದಲೇ ನಕ್ಷೆಯಲ್ಲಿ ಸೇರಿಸುವುದು.

ಎರಡನೇ ಹಂತ: ಪುಸ್ತಕ ಮತ್ತು ಕುರ್ಚಿಗಳ ಲೆಕ್ಕ

ಸಾವಿರ ವಿದ್ಯಾರ್ಥಿಗಳ ಒಂದು ಕಾಲೇಜಿನಲ್ಲಿ ಇಂದು 20,000 ಪುಸ್ತಕಗಳಿವೆ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 600 ಪುಸ್ತಕಗಳಂತೆ 20 ವರ್ಷಕ್ಕೆ 12,000 ಸೇರುತ್ತವೆ. ಹಳತಾದ ಪಠ್ಯಪುಸ್ತಕಗಳು, ಹರಿದವು ಸೇರಿ 2,000ದಷ್ಟನ್ನು ತೆಗೆದರೂ 30,000 ಪುಸ್ತಕಗಳಿಗೆ ಜಾಗ ಬೇಕು. ಒಂದು ಮೀಟರ್ ಉದ್ದದ ಹಲಗೆಯ ಮೇಲೆ ಸುಮಾರು 30 ಪುಸ್ತಕ ಹಿಡಿಸುತ್ತವೆ. 90 ಸೆಂಟಿಮೀಟರ್ ಅಗಲದ, ಎರಡೂ ಬದಿ ಆರಾರು ಹಲಗೆಗಳಿರುವ ಒಂದು ಉಕ್ಕಿನ ಕಪಾಟಿನಲ್ಲಿ ಹಲಗೆಗಳ ಒಟ್ಟು ಉದ್ದ 10.8 ಮೀಟರ್, ಅಂದರೆ ತುಂಬಿದರೆ 324 ಪುಸ್ತಕ. ಆದರೆ ಹಲಗೆಯನ್ನು ಎಂದೂ ಪೂರ್ತಿ ತುಂಬಿಸಬಾರದು. ಹೊಸ ಪುಸ್ತಕ ಅದರ ವರ್ಗಸಂಖ್ಯೆಯ ಜಾಗದಲ್ಲೇ ಕೂರಬೇಕಾದ್ದರಿಂದ ಪ್ರತಿ ಹಲಗೆಯಲ್ಲೂ ಕಾಲು ಭಾಗ ಖಾಲಿ ಇರಬೇಕು. ಇಲ್ಲದಿದ್ದರೆ ಒಂದು ಪುಸ್ತಕ ಸೇರಿಸಲು ಹತ್ತು ಹಲಗೆಗಳನ್ನು ಸರಿಸಬೇಕಾಗುತ್ತದೆ. ಆದ್ದರಿಂದ ಒಂದು ಕಪಾಟಿಗೆ 240 ಪುಸ್ತಕ, ಒಟ್ಟು 125 ಕಪಾಟು ಎಂದು ಹಿಡಿಯಬೇಕು.

45 ಸೆಂಟಿಮೀಟರ್ ಆಳದ ಕಪಾಟುಗಳನ್ನು ಮಧ್ಯದಿಂದ ಮಧ್ಯಕ್ಕೆ 1.5 ಮೀಟರ್ ಅಂತರದಲ್ಲಿ ನಿಲ್ಲಿಸಿದರೆ ನಡುವೆ 1.05 ಮೀಟರ್ ಓಣಿ ಉಳಿಯುತ್ತದೆ. ಗಾಲಿಕುರ್ಚಿ ಹೋಗಲು, ಕೆಳಹಲಗೆಯ ಪುಸ್ತಕಕ್ಕೆ ಬಗ್ಗಿದವರ ಹಿಂದೆ ಮತ್ತೊಬ್ಬರು ದಾಟಲು ಇದು ಸಾಕಾಗುತ್ತದೆ. ಅಡ್ಡ ಓಣಿಗಳನ್ನೂ ಸೇರಿಸಿದರೆ ಒಂದು ಕಪಾಟಿಗೆ ಸುಮಾರು 1.9 ಚದರ ಮೀಟರ್, 125 ಕಪಾಟಿಗೆ ಸುಮಾರು 240 ಚದರ ಮೀಟರ್. ಇನ್ನು ಕುರ್ಚಿಗಳು. ವಿದ್ಯಾರ್ಥಿ ಸಂಖ್ಯೆಯ ಶೇ. 12ರಷ್ಟು ಎಂದರೆ 120 ಆಸನ, ಒಬ್ಬ ಓದುಗನಿಗೆ ಸುಮಾರು 25 ಚದರ ಅಡಿ ಅಥವಾ 2.3 ಚದರ ಮೀಟರ್ ಎಂಬ ಬಹುಕಾಲದ ರೂಢಿಯ ಅಳತೆಯಂತೆ 276 ಚದರ ಮೀಟರ್. ಎರವಲು ಕೌಂಟರ್, ಪುಸ್ತಕಗಳಿಗೆ ಸಂಖ್ಯೆ ಹಾಕುವ ಕೋಣೆ, ಕಂಪ್ಯೂಟರ್ ವಿಭಾಗ, ಮೆಟ್ಟಿಲು, ಶೌಚಾಲಯ ಇವಕ್ಕೆಲ್ಲ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಸೇರಿಸಿದರೆ ಒಟ್ಟು 700 ಚದರ ಮೀಟರ್, ಸುಮಾರು 7,500 ಚದರ ಅಡಿ ಬರುತ್ತದೆ. ಹಣ ಅಷ್ಟಿಲ್ಲದಿದ್ದರೆ ಪುಸ್ತಕದ ಓಣಿಗಳನ್ನು ಕಿರಿದಾಗಿಸುವುದು ತಪ್ಪು ದಾರಿ. ಕಟ್ಟಡವನ್ನು ಎರಡು ಹಂತದಲ್ಲಿ ಕಟ್ಟಲು ನಕ್ಷೆಯಲ್ಲೇ ಅವಕಾಶ ಮಾಡುವುದು ಸರಿ. 1892ರಲ್ಲಿ ಹುಟ್ಟಿ, ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 1962ರಲ್ಲಿ ಇಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಮಂಡಿಸಿದ ಐದು ಸೂತ್ರಗಳಲ್ಲಿ ಕೊನೆಯದು ಗ್ರಂಥಾಲಯವು ಬೆಳೆಯುವ ಜೀವಿ ಎಂಬುದು. ಭಾಷಣಗಳಲ್ಲಿ ಉದ್ಧರಿಸಲ್ಪಡುವಷ್ಟು ಅದು ನಕ್ಷೆಗಳಲ್ಲಿ ಕಾಣಿಸುವುದಿಲ್ಲ. ಬೆಳೆಯುವ ದಿಕ್ಕಿನ ಗೋಡೆಯಲ್ಲಿ ಮೆಟ್ಟಿಲನ್ನಾಗಲೀ ಶೌಚಾಲಯವನ್ನಾಗಲೀ ಇಡದಿರುವುದೇ ಆ ಸೂತ್ರದ ಕಟ್ಟಡರೂಪ.

ಮೂರನೇ ಹಂತ: ನಿವೇಶನ

ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕಾಲೇಜಿನಲ್ಲಾದರೆ ತರಗತಿಗಳಿಂದ ಕ್ಯಾಂಟೀನಿಗೆ ಹೋಗುವ ದಾರಿಯಲ್ಲಿರಲಿ. ಊರಿನಲ್ಲಾದರೆ ಶಾಲೆ, ಪಂಚಾಯಿತಿ ಕಚೇರಿ ಅಥವಾ ಬಸ್ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರವಿರಲಿ. ಊರ ಹೊರಗೆ ಉಚಿತವಾಗಿ ಸಿಕ್ಕಿತೆಂದು ಆರಿಸಿದ ಜಾಗದಲ್ಲಿ ಸಂಜೆಯಾದ ಮೇಲೆ ಹೆಣ್ಣುಮಕ್ಕಳು ಬರುವುದಿಲ್ಲ. ಕೆರೆಯ ಅಚ್ಚುಕಟ್ಟು, ತಗ್ಗು, ಹಳ್ಳದ ಅಂಚು ಬೇಡ. ಊರಿನ ಹಿರಿಯರು ಕಂಡಿರುವ ಅತಿ ಎತ್ತರದ ನೆರೆಯ ಗುರುತನ್ನು ಕೇಳಿ ತಿಳಿದು, ನೆಲದ ಮಟ್ಟವನ್ನು ಅದಕ್ಕಿಂತ ಮೇಲೆ ನಿಗದಿಪಡಿಸಬೇಕು.

ನಾಲ್ಕನೇ ಹಂತ: ಕಂಬಗಳ ಜಾಲ ಮತ್ತು ಭಾರ

ಗ್ರಂಥಾಲಯದ ನಕ್ಷೆ ಗೆಲ್ಲುವುದೂ ಸೋಲುವುದೂ ಇಲ್ಲೇ. ಕಪಾಟುಗಳ ಅಂತರ 1.5 ಮೀಟರ್ ಎಂದಾದ ಮೇಲೆ ಕಂಬಗಳ ಅಂತರ ಅದರ ಗುಣಕವಾಗಿರಬೇಕು. 7.5 ಮೀಟರ್ ಅಂತರ ಇಟ್ಟರೆ ಎರಡು ಕಂಬಗಳ ನಡುವೆ ಸರಿಯಾಗಿ ಐದು ಓಣಿಗಳು ಬರುತ್ತವೆ, ಕಂಬ ಕಪಾಟಿನ ಸಾಲಿನಲ್ಲೇ ನಿಲ್ಲುತ್ತದೆ. ಅದೇ ಜಾಲದಲ್ಲಿ 1.2 ಮೀಟರ್ ಅಗಲದ ಓದುವ ಮೇಜುಗಳ ಎರಡು ಸಾಲು, ನಡುವೆ ತಗ್ಗಿನ ಒಂದು ಕಪಾಟು ಇಕ್ಕಟ್ಟಿಲ್ಲದೆ ಹಿಡಿಸುತ್ತವೆ. ಆದ್ದರಿಂದ ಇಂದು ಓದುವ ಜಾಗವಾಗಿರುವುದನ್ನು ನಾಳೆ ಭಂಡಾರವಾಗಿಸಬಹುದು. ಸುಂದರವಾಗಿ ಕಾಣುತ್ತದೆಂದು 6.4 ಅಥವಾ 7 ಮೀಟರ್ ಎಂದು ಯಾವುದೋ ಅಂತರ ಆರಿಸಿಕೊಂಡರೆ ಎಲ್ಲೋ ಓಣಿಯ ನಡುವೆಯೇ ಒಂದು ಕಂಬ ನಿಂತು, ಗ್ರಂಥಪಾಲಕರು ಮೂವತ್ತು ವರ್ಷ ಅದನ್ನು ಸುತ್ತಿಕೊಂಡು ಓಡಾಡಬೇಕಾಗುತ್ತದೆ.

ಜಾಲದ ಬೆನ್ನಿಗೇ ಬರುವುದು ಭಾರ. ಪುಸ್ತಕ ಎಷ್ಟು ತೂಕದ ವಸ್ತುವೆಂಬುದು ಮನೆ ಬದಲಾಯಿಸಿದವರಿಗೆಲ್ಲ ಗೊತ್ತು, ಆದರೆ ಎಸ್ಟಿಮೇಟ್ ಬರೆಯುವಾಗ ಮರೆತುಹೋಗುತ್ತದೆ. ಭಾರತೀಯ ಮಾನಕ ಐಎಸ್ 875ರ ಎರಡನೇ ಭಾಗದ ಪ್ರಕಾರ ತರಗತಿ ಕೋಣೆಯ ನೆಲವನ್ನು ಚದರ ಮೀಟರಿಗೆ 3 ಕಿಲೋನ್ಯೂಟನ್ ಭಾರಕ್ಕೆ ವಿನ್ಯಾಸಗೊಳಿಸಿದರೆ, ಪುಸ್ತಕ ಭಂಡಾರದ ನೆಲವನ್ನು 2.2 ಮೀಟರ್ ಎತ್ತರದವರೆಗಿನ ಕಪಾಟುಗಳಿಗೆ ಕನಿಷ್ಠ 6 ಕಿಲೋನ್ಯೂಟನ್ ಭಾರಕ್ಕೆ, ಅಂದರೆ ಸುಮಾರು 600 ಕಿಲೋ ತೂಕಕ್ಕೆ ವಿನ್ಯಾಸಗೊಳಿಸಬೇಕು. ಅದಕ್ಕಿಂತ ಎತ್ತರವಾದರೆ ಪ್ರತಿ ಮೀಟರಿಗೆ ಇನ್ನೂ 2 ಕಿಲೋನ್ಯೂಟನ್ ಸೇರುತ್ತದೆ. ಎಂದರೆ ಭಂಡಾರದ ನೆಲ ತರಗತಿಯ ನೆಲಕ್ಕಿಂತ ಎರಡು ಪಟ್ಟು ಹೊರಬೇಕು. ಹಲವು ಕಾಲೇಜುಗಳಲ್ಲಿ ಮೊದಲ ಮಹಡಿಯ ಎರಡು ತರಗತಿಗಳ ನಡುವಿನ ಗೋಡೆ ಒಡೆದು ಗ್ರಂಥಾಲಯ ಮಾಡುವ ರೂಢಿಯಿದೆ. ಇದನ್ನು ರಚನಾ ಎಂಜಿನಿಯರ್ ಲೆಕ್ಕ ಹಾಕಿ ಲಿಖಿತವಾಗಿ ಒಪ್ಪದ ಹೊರತು ಮಾಡಲೇಬಾರದು. ಕೆಳಗಿನ ತರಗತಿಯ ಸೂರಿನಲ್ಲಿ ತೊಲೆಯ ಬದಿಗೆ ಕೂದಲೆಳೆಯ ಬಿರುಕು ಕಾಣಿಸಿಕೊಂಡು, ಅದರ ಮೇಲೆ ಸುಣ್ಣ ಬಳಿದು ಮುಚ್ಚಿದ ಕಟ್ಟಡಗಳು ನಮ್ಮಲ್ಲಿ ಅಪರೂಪವಲ್ಲ. ಹಳಿಗಳ ಮೇಲೆ ಸರಿಯುವ ಒತ್ತು ಕಪಾಟುಗಳನ್ನು ಹಾಕುವುದಾದರೆ ಭಾರ ಇನ್ನೂ ಬಹಳ ಏರುತ್ತದೆ; ಅವಕ್ಕೆ ನೆಲಮಹಡಿಯೇ ಸರಿ.

ಮಹಡಿಯಿರುವ ಕಟ್ಟಡದಲ್ಲಿ ಭಂಡಾರವನ್ನು ಕೆಳಗೂ ಓದುವ ಕೋಣೆಯನ್ನು ಮೇಲೂ ಇಡುವುದು ಖರ್ಚಿನ ದೃಷ್ಟಿಯಿಂದ ಲಾಭ. ಆದರೆ ಮುಂದೆ ಎಲ್ಲಿ ಬೇಕಾದರೂ ಕಪಾಟು ಇಡಬಹುದಾದ ಸ್ವಾತಂತ್ರ್ಯಕ್ಕಾಗಿ ಇಡೀ ನೆಲವನ್ನು 6 ಕಿಲೋನ್ಯೂಟನ್‌ಗೆ ಕಟ್ಟಿಸಿಕೊಳ್ಳುವುದೇ ಲೇಸೆಂದು ನನ್ನ ಅಭಿಪ್ರಾಯ. ಗ್ರಾನೈಟ್ ಹಾಸನ್ನು ಬಿಟ್ಟು ಸಾಧಾರಣ ನೆಲ ಹಾಕಿಸಿದರೆ ಆ ಹಣದ ಒಂದು ಪಾಲು ಅಲ್ಲೇ ಹುಟ್ಟುತ್ತದೆ.

ಐದನೇ ಹಂತ: ಬೆಳಕು

ಓದುಗನಿಗೆ ಬೆಳಕು ಬೇಕು, ಪುಸ್ತಕಕ್ಕೆ ಬಿಸಿಲು ಬೇಡ. ವಾಸ್ತುಶಿಲ್ಪಿ ಲೂಯಿ ಕಾನ್ ಅಮೆರಿಕದ ಎಕ್ಸೆಟರ್ ಶಾಲೆಗೆ 1970ರ ದಶಕದ ಆರಂಭದಲ್ಲಿ ಕಟ್ಟಿಕೊಟ್ಟ ಗ್ರಂಥಾಲಯದಲ್ಲಿ ಓದುವ ಮೇಜುಗಳನ್ನು ಹೊರಗೋಡೆಯ ಕಿಟಕಿಗಳಿಗೆ ಒರಗಿಸಿ, ಪುಸ್ತಕಗಳನ್ನು ಒಳಸುತ್ತಿನಲ್ಲಿ ಇಟ್ಟಿದ್ದಾರೆ. ಕಟ್ಟಡದ ಗಾತ್ರ ಎಷ್ಟೇ ಇರಲಿ, ಆ ತತ್ವ ನಮಗೂ ಹೊಂದುತ್ತದೆ.

ಕಿಟಕಿಯ ಮೇಲಂಚಿನ ಎತ್ತರದ ಎರಡರಿಂದ ಎರಡೂವರೆ ಪಟ್ಟು ದೂರದವರೆಗೆ ಹಗಲ ಬೆಳಕು ಉಪಯೋಗಕ್ಕೆ ಸಿಗುತ್ತದೆ. ಮೇಲಂಚು 3 ಮೀಟರ್ ಎತ್ತರದಲ್ಲಿದ್ದರೆ 6ರಿಂದ 7.5 ಮೀಟರ್. ಆದ್ದರಿಂದ ಎರಡೂ ಬದಿ ಕಿಟಕಿಗಳಿರುವ, 7.5 ಮೀಟರಿನ ಎರಡು ಅಂಕಣಗಳ (ಕಂಬದಿಂದ ಕಂಬದವರೆಗಿನ ಜಾಗ ಒಂದು ಅಂಕಣ), 15 ಮೀಟರ್ ಅಗಲದ ಉದ್ದನೆಯ ಕಟ್ಟಡ ಹಗಲಿನಲ್ಲಿ ದೀಪವಿಲ್ಲದೆ ನಡೆಯುತ್ತದೆ. ಅದಕ್ಕಿಂತ ಅಗಲವಾದರೆ ನಡುವೆ ಅಂಗಳವನ್ನೋ ಮೇಲ್ಗಿಂಡಿಯನ್ನೋ ತರಬೇಕಾಗುತ್ತದೆ. ಉದ್ದನೆಯ ಬದಿಗಳು ಉತ್ತರಕ್ಕೂ ದಕ್ಷಿಣಕ್ಕೂ ಮುಖ ಮಾಡಿರಲಿ. ಉತ್ತರದ ಬೆಳಕು ತಣ್ಣಗಿರುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಆದರೆ ನಮ್ಮ ಅಕ್ಷಾಂಶದಲ್ಲಿ ಆ ಮಾತು ಅರ್ಧ ಮಾತ್ರ ನಿಜ. ಸುಮಾರು 13 ಡಿಗ್ರಿಯಲ್ಲಿರುವ ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಕಲಬುರಗಿಯಲ್ಲಿ ಮೇ ಎರಡನೇ ವಾರದಿಂದ ಆಗಸ್ಟ್ ಮೊದಲ ದಿನಗಳವರೆಗೆ. ಹಾಗಾಗಿ ಉತ್ತರದ ಕಿಟಕಿಗೂ ಸಣ್ಣದೊಂದು ಸಜ್ಜಾ ಬೇಕು, ಬೆಳಗು ಸಂಜೆಯ ಓರೆ ಬಿಸಿಲು ತಡೆಯಲು ಪಕ್ಕದ ರೆಕ್ಕೆಗಳೂ ಬೇಕು. ದಕ್ಷಿಣಕ್ಕೆ ಆಳವಾದ ಸಜ್ಜಾ ಅಥವಾ ಜಗಲಿ. ಪಶ್ಚಿಮಕ್ಕೆ ಕಿಟಕಿಯೇ ಬೇಡ. ಮೆಟ್ಟಿಲು, ಶೌಚಾಲಯ, ಉಗ್ರಾಣಗಳನ್ನು ಆ ಬದಿಗೆ ಅಡ್ಡ ಇಟ್ಟರೆ ಒಳಗಿನ ಕೋಣೆ ತಂಪಾಗಿರುತ್ತದೆ.

ಭಂಡಾರದ ಕಪಾಟುಗಳು ಕಿಟಕಿಗೋಡೆಗೆ ಲಂಬವಾಗಿ ನಿಲ್ಲಬೇಕು, ಪ್ರತಿ ಓಣಿಯ ತುದಿಗೆ ಒಂದು ಕಿಟಕಿ ಬರಬೇಕು. 1.5 ಮೀಟರಿಗೊಂದು ಸಣ್ಣ ಕಿಟಕಿಯಿಟ್ಟರೆ ಬೆಳಕೂ ಗಾಳಿಯೂ ಓಣಿಯುದ್ದಕ್ಕೂ ಹಾಯುತ್ತವೆ, ಪುಸ್ತಕದ ಬೆನ್ನಿಗೆ ನೇರ ಬಿಸಿಲು ತಾಕುವುದಿಲ್ಲ. ಕಪಾಟನ್ನು ಕಿಟಕಿಗೆ ಸಮಾಂತರವಾಗಿ ನಿಲ್ಲಿಸಿದರೆ ಮೊದಲ ಸಾಲಿನ ಪುಸ್ತಕಗಳ ಬಣ್ಣ ಮಾಸಿ, ಉಳಿದ ಸಾಲುಗಳು ಕತ್ತಲಾಗುತ್ತವೆ.

ವಿದ್ಯುತ್ ದೀಪಗಳ ವಿಷಯದಲ್ಲಿ ಎರಡು ಸೂಕ್ಷ್ಮಗಳಿವೆ. ಓದುವ ಮೇಜಿನ ಮೇಲೆ ಸುಮಾರು 300 ಲಕ್ಸ್ ಬೆಳಕು ಇರಲೇಬೇಕು. ಭಂಡಾರದಲ್ಲಿ ಮಾತ್ರ ಅಳೆಯಬೇಕಾದ್ದು ನೆಲದ ಮೇಲಲ್ಲ, ಅತಿ ಕೆಳಹಲಗೆಯ ಪುಸ್ತಕದ ಬೆನ್ನಿನ ಮೇಲೆ. ಅಲ್ಲಿ ಟ್ಯೂಬುಗಳ ಸಾಲನ್ನು ಕಪಾಟುಗಳಿಗೆ ಅಡ್ಡಲಾಗಿ ಹಾಯಿಸಿದರೆ ಮುಂದೆ ಕಪಾಟುಗಳನ್ನು ಸರಿಸಿದರೂ ಬೆಳಕು ಕೆಡುವುದಿಲ್ಲ. ಎರಡನೆಯದು ಫ್ಯಾನು. ದೀಪ ಮೇಲಿದ್ದು ಫ್ಯಾನಿನ ರೆಕ್ಕೆ ಅದರ ಕೆಳಗೆ ತಿರುಗುತ್ತಿದ್ದರೆ ಪುಟದ ಮೇಲೆ ನೆರಳು ಬಡಿಯುತ್ತಲೇ ಇರುತ್ತದೆ. ಅರ್ಧ ಗಂಟೆಯಲ್ಲಿ ತಲೆನೋವು ಬಂದ ಓದುಗ ಕಾರಣ ತಿಳಿಯದೆ ಎದ್ದುಹೋಗುತ್ತಾನೆ. ದೀಪಗಳನ್ನು ರೆಕ್ಕೆಗಳ ಮಟ್ಟಕ್ಕಿಂತ ಕೆಳಗೆ ಇಳಿಬಿಡಬೇಕು, ಇಲ್ಲವೇ ರೆಕ್ಕೆಯ ಸುತ್ತಳತೆಯಿಂದ ದೂರ ಇಡಬೇಕು. ಇದನ್ನು ವಿದ್ಯುತ್ ನಕ್ಷೆಯಲ್ಲಿ ಫ್ಯಾನಿನ ವೃತ್ತವನ್ನೂ ದೀಪವನ್ನೂ ಒಟ್ಟಿಗೆ ಬರೆಸಿಯೇ ಖಚಿತಪಡಿಸಿಕೊಳ್ಳಬೇಕು.

ಆರನೇ ಹಂತ: ನೀರು, ತೇವ, ಗೆದ್ದಲು

ಭಂಡಾರದ ಮೇಲೆ ಶೌಚಾಲಯ ಇರಬಾರದು, ನೀರಿನ ಟ್ಯಾಂಕ್ ಇರಬಾರದು, ಅದರ ಗೋಡೆಯೊಳಗೆ ಮಳೆನೀರಿನ ಪೈಪು ಇಳಿಯಬಾರದು. ಈ ಮೂರನ್ನೂ ಎಲ್ಲರೂ ಒಪ್ಪುತ್ತಾರೆ. ಆದರೂ ಎರಡನೇ ಮಹಡಿ ಕಟ್ಟುವಾಗ ಯಾರೋ ಮರೆಯುತ್ತಾರೆ. ಅದಕ್ಕಾಗಿ ನಕ್ಷೆಯ ಮೇಲೆಯೇ ಅದನ್ನು ಬರೆದು ಕಾಲೇಜಿನ ಕಚೇರಿಯಲ್ಲಿ ಒಂದು ಪ್ರತಿ ಇಟ್ಟಿರಬೇಕು.

ಉಳಿದದ್ದು ಊರಿಗೆ ತಕ್ಕಂತೆ ಬದಲಾಗುತ್ತದೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಸಮತಟ್ಟಾದ ತಾರಸಿಯೊಂದನ್ನೇ ನಂಬುವುದು ದುಡುಕು. ಅದರ ಮೇಲೆ ಇಳಿಜಾರು ಹೆಂಚಿನ ಮಾಡು, ಗೋಡೆಯಿಂದ ಮೀಟರಿನಷ್ಟು ಹೊರಚಾಚಿದ ಸೂರು ಇರಬೇಕು. ಗಾಳಿಯ ತೇವಾಂಶ ಬಹುಕಾಲ ಶೇ. 65ಕ್ಕಿಂತ ಮೇಲಿದ್ದರೆ ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಅದು ಕೆಳಗಿಳಿಯುವುದೇ ಅಪರೂಪ. ಕಪಾಟುಗಳಿಗೆ ಹಿಂಬದಿ ತಗಡು ಇಲ್ಲದಿರುವುದು, ಹೊರಗೋಡೆಗೆ ಯಾವ ಕಪಾಟನ್ನೂ ಒರಗಿಸದಿರುವುದು, ಕೆಳಹಲಗೆ ನೆಲದಿಂದ ಗೇಣಿನಷ್ಟಾದರೂ ಮೇಲಿರುವುದು, ಮಳೆ ಒಳಗೆ ಬರದಂತೆ ಆದರೆ ಗಾಳಿ ನಿಲ್ಲದಂತೆ ಮೇಲ್ಭಾಗದಲ್ಲಿ ಪಟ್ಟಿಗಿಂಡಿಗಳಿರುವುದು, ಇವು ಹವಾನಿಯಂತ್ರಣ ಯಂತ್ರಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ. ಹಗಲು ಮಾತ್ರ ಎಸಿ ಹಾಕಿ ರಾತ್ರಿ ಆರಿಸುವ ಪದ್ಧತಿಯಂತೂ ಕರಾವಳಿಯಲ್ಲಿ ಹಾನಿಕರ. ತಂಪಾದ ಕಾಗದದ ಮೇಲೆ ರಾತ್ರಿಯ ಒದ್ದೆ ಗಾಳಿ ಬಂದು ಕೂರುತ್ತದೆ. ರಾಯಚೂರು, ಕಲಬುರಗಿಗಳ ಕಡೆ ಸಮಸ್ಯೆ ಇದರ ವಿರುದ್ಧ ದಿಕ್ಕಿನದು: ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ತಾರಸಿ ಕಾಯುತ್ತದೆ, ಕಾಗದ ಒಣಗಿ ಮುರಿಯುತ್ತದೆ, ಧೂಳು ಎಲ್ಲೆಲ್ಲೂ ಸೇರುತ್ತದೆ. ಅಲ್ಲಿ ದಪ್ಪ ಕಲ್ಲಿನ ಗೋಡೆ, ಸಣ್ಣ ಕಿಟಕಿ, ಬಿಳಿ ಹೆಂಚಿನ ತಾರಸಿ, ಸ್ಥಳೀಯವಾಗಿ ಸಿಗುವ ಶಹಾಬಾದ್ ಕಲ್ಲಿನ ನೆಲ ಸೂಕ್ತ.

ಗೆದ್ದಲು ಎರಡೂ ಕಡೆ ಸಮಾನ ಶತ್ರು. ಐಎಸ್ 6313ರಲ್ಲಿ ಹೇಳಿರುವ ಔಷಧೋಪಚಾರವನ್ನು ಪಾಯ ತೋಡಿದಾಗ ಮತ್ತು ನೆಲದ ಮಣ್ಣು ತುಂಬಿದ ಮೇಲೆ ಮಾಡಬೇಕು. ನೆಲ ಹಾಕಿದ ಮೇಲೆ ಕೊರೆದು ಸುರಿಯುವುದು ಅರ್ಧ ಪರಿಹಾರ. ಪೈಪು ನೆಲ ದಾಟುವ ತೂತುಗಳ ಸುತ್ತ ವಿಶೇಷ ಗಮನವಿರಲಿ, ಗೆದ್ದಲು ಬರುವುದೇ ಅಲ್ಲಿಂದ. ಗಾಳಿಗಿಂಡಿಗಳಿಗೆ ಬಲೆ ಹಾಕದಿದ್ದರೆ ಪಾರಿವಾಳ, ಬಲೆ ದುರ್ಬಲವಾಗಿದ್ದರೆ ಕೋತಿ.

ಏಳನೇ ಹಂತ: ಒಳಗಿನ ಕ್ರಮ

ಒಂದೇ ಬಾಗಿಲಿನಿಂದ ಬಂದು ಹೋಗುವಂತಿರಲಿ, ಕೌಂಟರಿನಲ್ಲಿ ಕೂತವರಿಗೆ ಆ ಬಾಗಿಲೂ ಹೆಚ್ಚಿನ ಮೇಜುಗಳೂ ಕಾಣುವಂತಿರಲಿ. ಬಹುತೇಕ ಊರುಗಳಲ್ಲಿ ಇಡೀ ಗ್ರಂಥಾಲಯವನ್ನು ನೋಡಿಕೊಳ್ಳುವವರು ಒಬ್ಬರೇ ಎಂಬುದನ್ನು ನೆನಪಿಡಬೇಕು. ಗದ್ದಲದಿಂದ ಮೌನದ ಕಡೆಗೆ ಸಾಗುವ ಕ್ರಮ ಹೀಗಿರುತ್ತದೆ: ಚಪ್ಪಲಿ, ಕೊಡೆ, ಚೀಲ ಇಡುವ ಜಗಲಿ, ಅದರ ಬೆನ್ನಿಗೆ ಪತ್ರಿಕೆಗಳು, ಕೌಂಟರ್ ಮತ್ತು ಕಂಪ್ಯೂಟರ್, ಭಂಡಾರ, ಕೊನೆಗೆ ಮೌನದ ಓದುಕೋಣೆ. ಪುಸ್ತಕದ ಸಾಲುಗಳೇ ಶಬ್ದವನ್ನು ಹೀರುವುದರಿಂದ ಭಂಡಾರವನ್ನು ನಡುವೆ ಇಡುವುದು ಲಾಭ. ಶೌಚಾಲಯ ಕೌಂಟರಿನ ಹೊರಗಿರಲಿ, ಆದರೆ ಕಟ್ಟಡದ ಒಳಗೇ ಇರಲಿ. ಹಿತ್ತಲಲ್ಲಿ ಕತ್ತಲ ಮೂಲೆಯಲ್ಲಿದ್ದರೆ ಮಹಿಳೆಯರಿಗೆ ಅದು ಇಲ್ಲದಂತೆಯೇ.

ಅಂಗವಿಕಲರ ಪ್ರವೇಶ 2016ರ ಕಾಯ್ದೆಯಿಂದ ಹಕ್ಕಾಗಿದೆ, ಹಿಂಬಾಗಿಲಿನ ಔದಾರ್ಯವಲ್ಲ. ಮುಖ್ಯ ಬಾಗಿಲಿಗೇ 1:12 ಇಳಿಜಾರಿನ ದಾರಿ ಬೇಕು. ನೆಲ 45 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಆ ದಾರಿಗೆ 5.4 ಮೀಟರ್ ಉದ್ದ ಬೇಕಾಗುತ್ತದೆ. ಇದನ್ನು ಕೊನೆಯಲ್ಲಿ ನೆನೆಸಿಕೊಂಡವರು ಜಾಗವಿಲ್ಲದೆ ಕಡಿದಾದ, ಯಾರೂ ಏರಲಾಗದ ಒಂದು ಸಿಮೆಂಟಿನ ದಿಬ್ಬ ಕಟ್ಟುತ್ತಾರೆ. ಅಡ್ಡ ಓಣಿಗಳ ತುದಿಯಲ್ಲಿ ಗಾಲಿಕುರ್ಚಿ ತಿರುಗಲು 1.5 ಮೀಟರ್ ಇರಲಿ.

ಮೇಜು 75 ಸೆಂಟಿಮೀಟರ್ ಎತ್ತರ, ಒಬ್ಬರಿಗೆ 75 ಸೆಂಟಿಮೀಟರ್ ಉದ್ದ. ಮಕ್ಕಳ ಕಪಾಟು 1.2 ಮೀಟರ್ ದಾಟಬಾರದು. ಪ್ಲಗ್ಗುಗಳು ಗೋಡೆಯಲ್ಲಿ ಮಾತ್ರವಿದ್ದರೆ ತಂತಿಗಳು ಓಡಾಡುವ ದಾರಿಗೆ ಅಡ್ಡ ಬರುತ್ತವೆ, ಆದ್ದರಿಂದ ಮೇಜುಗಳ ಸಾಲಿಗೆ ನೆಲದೊಳಗಿನಿಂದಲೇ ಕೊಳವೆ ಎಳೆಸಬೇಕು. ವಿದ್ಯುತ್ ಫಲಕ ಭಂಡಾರದ ಹೊರಗಿರಲಿ, ರಾತ್ರಿ ಬೀಗ ಹಾಕುವಾಗ ಒಂದೇ ಸ್ವಿಚ್ಚಿನಿಂದ ಭಂಡಾರದ ಸಂಪರ್ಕ ಕಡಿಯುವಂತಿರಲಿ. ಎರಡನೇ ನಿರ್ಗಮನ ದ್ವಾರ ಇದ್ದೇ ಇರಬೇಕು, ಅದರ ಮುಂದೆ ಹಳೆಯ ಕುರ್ಚಿಗಳನ್ನು ಪೇರಿಸಬಾರದು.

ಎಂಟನೇ ಹಂತ: ಒಂದೇ ಕೋಣೆಯ ಊರ ಗ್ರಂಥಾಲಯ

1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಸ್ಥಳೀಯ ಸಂಸ್ಥೆಗಳ ಆಸ್ತಿ ತೆರಿಗೆಯ ಮೇಲೆ ಶೇ. 6ರ ಗ್ರಂಥಾಲಯ ಕರ ಬಂತು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಅಡಿಗೆ ಬಂದು, ಮುಂದೆ ಅರಿವು ಕೇಂದ್ರಗಳಾದವು. ಇವುಗಳಲ್ಲಿ ಎಷ್ಟೋ ಒಂದೇ ಕೋಣೆಯವು. ಅಂಥಲ್ಲಿ ಮೇಲಿನ ಲೆಕ್ಕಗಳಿಗಿಂತ ಜಗಲಿಯೇ ದೊಡ್ಡ ಸಾಧನ. 6 ಮೀಟರ್ ಉದ್ದ, 4.5 ಮೀಟರ್ ಅಗಲದ ಕೋಣೆಯ ಮುಂದೆ 2.4 ಮೀಟರ್ ಆಳದ ಜಗಲಿ, ಅದರ ಅಂಚಿಗೆ ಕೂರಲು ಕಟ್ಟೆ, ಗೋಡೆಗೆ ಪತ್ರಿಕೆಯ ಓರೆಹಲಗೆ ಇಟ್ಟರೆ ಹಿರಿಯರು ಹೊರಗೇ ಕೂತು ಓದುತ್ತಾರೆ, ಒಳಗಿನ ಇಡೀ ಕೋಣೆ ಮಕ್ಕಳಿಗೂ ಪರೀಕ್ಷಾರ್ಥಿಗಳಿಗೂ ಉಳಿಯುತ್ತದೆ. ಕಪಾಟುಗಳನ್ನು ಒಳಗೋಡೆಗಳಿಗೆ, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ನಿಲ್ಲಿಸಬೇಕು. ನಡುವೆ ಇಡುವವುಗಳಿಗೆ ಗಾಲಿ ಹಾಕಿಸಿದರೆ ಸಭೆಯೋ ಕಥೆ ಹೇಳುವ ಕಾರ್ಯಕ್ರಮವೋ ಇದ್ದಾಗ ಸರಿಸಬಹುದು. ಗಾಜಿನ ಬಾಗಿಲಿನ ಬೀಗ ಹಾಕಿದ ಬೀರುಗಳು ಬೇಡ. ಕಳೆದುಹೋದೀತೆಂಬ ಭಯಕ್ಕೆ ಬೀಗದೊಳಗಿಟ್ಟ ಪುಸ್ತಕ ನುಸಿಗಷ್ಟೇ ಆಹಾರ.

ಕಾಮಗಾರಿ ಮುಗಿಯುವಾಗ

ಟೆಂಡರ್ ಕರೆಯುವ ಮೊದಲು ನಿವೇಶನದ ಮೇಲೆ ಸುಣ್ಣದ ಪುಡಿಯಿಂದ ಒಂದು ಅಂಕಣದ ಕಪಾಟು, ಓಣಿ, ಮೇಜುಗಳನ್ನು ನಿಜ ಅಳತೆಯಲ್ಲಿ ಎಳೆಸಿ, ಗ್ರಂಥಪಾಲಕರನ್ನು ಪುಸ್ತಕದ ತಳ್ಳುಗಾಡಿಯೊಂದಿಗೆ ಅದರಲ್ಲಿ ನಡೆಯಲು ಹೇಳಿ. ಕಾಗದದ ಮೇಲೆ ಕಾಣದ ಇಕ್ಕಟ್ಟು ಅಲ್ಲಿ ಕಾಣುತ್ತದೆ. ಕಪಾಟುಗಳಿಗೆ ಪ್ರತ್ಯೇಕ ಟೆಂಡರ್ ಕರೆಯುವುದಾದರೆ ಅವುಗಳ ಆಳ, ಅಗಲ, ಎತ್ತರವನ್ನು ನಕ್ಷೆಯ ಅಳತೆಗೆ ಕಟ್ಟಿಹಾಕಿ ಬರೆಯಬೇಕು, ಏಕೆಂದರೆ 45ರ ಬದಲು 60 ಸೆಂಟಿಮೀಟರ್ ಆಳದವು ಬಂದಿಳಿದರೆ ಇಡೀ ಜಾಲ ವ್ಯರ್ಥವಾಗುತ್ತದೆ. ಉದ್ಘಾಟನೆಯ ದಿನ ಗೊತ್ತಾದ ಕೂಡಲೇ ಪುಸ್ತಕ ಸಾಗಿಸುವ ಅವಸರ ಬರುತ್ತದೆ. ಹೊಸ ಗಾರೆ ಮತ್ತು ಕಾಂಕ್ರೀಟು ವಾರಗಟ್ಟಲೆ ನೀರನ್ನು ಹೊರಬಿಡುತ್ತಿರುತ್ತವೆ. ಒಂದು ಮಳೆಗಾಲ ದಾಟಿ ತಾರಸಿ ಸೋರದೆಂದು ಖಾತ್ರಿಯಾಗುವವರೆಗೆ ಕಾದರೆ ಅತ್ಯುತ್ತಮ, ಅದಾಗದಿದ್ದರೆ ತಾರಸಿಯ ಮೇಲೆ ನೀರು ಕಟ್ಟಿ ನಿಲ್ಲಿಸಿ ಪರೀಕ್ಷಿಸಿ, ಕಿಟಕಿಗಳನ್ನು ತೆರೆದಿಟ್ಟು ಗೋಡೆ ಒಣಗಿಸಿ, ಆಮೇಲೆ ಮೊದಲಿಗೆ ಹಳೆಯ ಪತ್ರಿಕೆಗಳ ಕಟ್ಟುಗಳನ್ನು ಸಾಗಿಸಿ ನೋಡಬೇಕು. ಅಪರೂಪದ ಪುಸ್ತಕಗಳು ಕೊನೆಯ ಗಾಡಿಯಲ್ಲಿ ಬರಲಿ.